ಮರಿ ಬಿಟ್ಟ ಮಾತ್ರಕ್ಕೆ ಮೀನು ಉಳಿಯದು

ತಾಳವಾಡಿ ಸೀಮೆಯ ದಕ್ಷಿಣಕ್ಕೆ, ನೀಲಗಿರಿಯ ಬುಡದ ಆಳವಾದ ಕಮರಿಯಲ್ಲಿ ಮೋಯಾರು ನದಿ ಹರಿಯುತ್ತದೆ. ಭವಾನಿಸಾಗರದಲ್ಲಿ ಅದು ಭವಾನಿಯನ್ನು ಕೂಡಿ, ಮುಂದೆ ಕಾವೇರಿಯನ್ನು ಸೇರುತ್ತದೆ. ಗೂನುಬೆನ್ನಿನ ಮಹಶೀರ್ ಮೀನು ಇಂದಿಗೂ ಉಳಿದುಕೊಂಡಿರುವ ಕೆಲವೇ ನೆಲೆಗಳಲ್ಲಿ ಮೋಯಾರೂ ಒಂದು. ಕಾವೇರಿ ಮತ್ತು ಅದರ ಉಪನದಿಗಳ ಹೊರತು ಜಗತ್ತಿನ ಬೇರಾವ ನೀರೂ ಈ ಮೀನಿಗೆ ತವರಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಇಷ್ಟು ಹೆಸರುವಾಸಿಯಾದ ಮೀನು 'ಟಾರ್ ರೆಮಾದೇವಿಯೈ' ಎಂಬ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿಗೆ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಮತ್ತು ವಿಷಪ್ರಯೋಗ ಎಲ್ಲರೂ ಬಲ್ಲ ಕಾರಣಗಳು. ಇನ್ನೊಂದು ಕಾರಣ ಉಪಕಾರದ ರೂಪದಲ್ಲೇ ಬಂದಿತು. 1970ರ ದಶಕದಲ್ಲಿ ಲೋಣಾವಳದ ಕೇಂದ್ರವೊಂದರಲ್ಲಿ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸುವ ಕಾರ್ಯ ಆರಂಭವಾಯಿತು. ಹಾಗೆ ಬೆಳೆಸಿದ ಮರಿಗಳನ್ನು ದೇಶದ ಹಲವು ನದಿಗಳಿಗೂ ಕಾವೇರಿಗೂ ಬಿಡಲಾಯಿತು. ಆ ಮೀನನ್ನು ವಿಜ್ಞಾನ ಮೊದಲು ಗುರುತಿಸಿದ್ದು ಪುಣೆಯ ಮುಳಾ-ಮುಠಾ ನದಿಯಲ್ಲಿ. ಆ ನೀರು ಭೀಮೆಗೆ ಸೇರಿ ಪಂಢರಪುರದ ಮುಂದೆ ಹರಿಯುತ್ತದೆ. ಭೀಮೆಯ ಬಳಗದ ಆ ಮೀನು ಕಾವೇರಿಗೆ ಹೊರಗಿನದು. 1998ರಿಂದ 2012ರವರೆಗೆ ಕಾವೇರಿಯ ಗಾಳದ ಬಿಡಾರಗಳಲ್ಲಿ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದಾಗ, ಸಿಕ್ಕ ಮಹಶೀರ್‌ಗಳ ಸಂಖ್ಯೆ ಏರಿರುವುದು ಕಂಡಿತು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮೀನು. ಗೂನುಬೆನ್ನಿನದು ಅಪರೂಪವಾಗುತ್ತ ಬಂದಿತ್ತು. ಮೊತ್ತವನ್ನಷ್ಟೇ ನೋಡಿದವರಿಗೆ ನದಿ ಸಮೃದ್ಧವಾಗಿಯೇ ತೋರುತ್ತಿತ್ತು.

ತವರಿನ ಮೀನನ್ನೇ ಸಾಕಿ ಬಿಟ್ಟರೂ ಎಚ್ಚರ ಬೇಕು. ಒಂದು ಮಹಶೀರ್ ತಾಯಿ ಸಾವಿರಾರು ಮೊಟ್ಟೆಗಳನ್ನಿಡಬಲ್ಲದು. ಆದ್ದರಿಂದ ಹತ್ತು ಸಾವಿರ ಮರಿಗಳು ಬೆರಳೆಣಿಕೆಯ ತಾಯ್ತಂದೆಗಳ ಸಂತಾನವಾಗಿರಬಹುದು. ನೋಟಕ್ಕೆ ದೊಡ್ಡ ಹಿಂಡು, ವಂಶವಾಹಿಗಳ ದೃಷ್ಟಿಯಲ್ಲಿ ಒಂದೆರಡು ಮನೆತನ. ಅವು ಪರಸ್ಪರ ಕೂಡಿ ಮರಿ ಮಾಡಿದಂತೆ ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಹೊಸ ರೋಗವೋ ಬಿಸಿಯಾದ ನೀರೋ ಎದುರಾದಾಗ ತಾಳಿಕೊಳ್ಳಬಲ್ಲ ಮೀನು ಆ ಹಿಂಡಿನಲ್ಲಿ ಒಂದೂ ಇಲ್ಲದಿರಬಹುದು. ಒಳಗಿನ ಈ ವೈವಿಧ್ಯವೇ ಯಾವುದೇ ಜೀವಕುಲದ ಆಪದ್ಧನ. ಒಮ್ಮೆ ಕಳೆದರೆ ಮರಿ ಬಿಟ್ಟು ತುಂಬಲಾಗದು.

ಕಾನೂನು ಈ ತಿಳಿವಿನತ್ತ ನಿಧಾನವಾಗಿ ಬಂದಿದೆ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ನಿಷೇಧಿಸಿತು. 2002ರ ಜೈವಿಕ ವೈವಿಧ್ಯ ಅಧಿನಿಯಮವು ಒಂದು ಹೆಜ್ಜೆ ಮುಂದಿಟ್ಟಿತು. ಅದರ 2ನೆಯ ಪ್ರಕರಣದ ಪ್ರಕಾರ ಜೈವಿಕ ವೈವಿಧ್ಯವೆಂದರೆ ಪ್ರಭೇದಗಳ ನಡುವಿನ ವೈವಿಧ್ಯವಷ್ಟೇ ಅಲ್ಲ, ಒಂದೇ ಪ್ರಭೇದದೊಳಗಿನ ವೈವಿಧ್ಯವೂ ಹೌದು. 41ನೆಯ ಪ್ರಕರಣದಂತೆ ಸ್ಥಳೀಯ ಸಂಸ್ಥೆಗಳು ಜೈವಿಕ ವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ಊರಿನ ಜೀವಸಂಪತ್ತನ್ನು ಜನತಾ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಆ ಸಮಿತಿಯ ಹೊಣೆ.

ಈ ಪುಸ್ತಕಕ್ಕೆ ಶಾಲೆಯ ಮಕ್ಕಳೂ ನೆರವಾಗಬಹುದು. ನದಿಯಂಚಿನ ಹಿರಿಯರು ಬಲ್ಲ ಮೀನುಗಳ ಹೆಸರು, ಅವು ಮೊಟ್ಟೆಯಿಡುವ ಜಾಗ ಮತ್ತು ಕಾಲ, ಈಗ ಕಾಣದಾದ ಮೀನುಗಳ ನೆನಪು, ಇವನ್ನೆಲ್ಲ ಮಕ್ಕಳು ಕೇಳಿ ಕನ್ನಡದಲ್ಲೇ ಬರೆದು ಸಮಿತಿಗೆ ಒಪ್ಪಿಸಲಿ. ಮುಂದೆ ಯಾರಾದರೂ ಊರಿನ ಹೊಳೆಗೆ ಮೀನುಮರಿ ಬಿಡುವ ಸಮಾರಂಭಕ್ಕೆ ಕರೆದರೆ, ಚಪ್ಪಾಳೆಗೆ ಮೊದಲು ಎರಡು ಪ್ರಶ್ನೆಗಳನ್ನು ಕೇಳಲಿ: ಈ ಮರಿಗಳ ತಾಯ್ತಂದೆಗಳು ಯಾವ ನದಿಯವು? ಅವು ಎಷ್ಟಿದ್ದವು?