ಮೊದಲು ಕಡವಿಗೆ ಭದ್ರತೆ, ಆಮೇಲೆ ಪ್ರವಾಸೋದ್ಯಮ

ವಯನಾಡಿಗೆ ಬರುವ ಪ್ರವಾಸಿಗರ ಓಡಾಟ ಹೆಚ್ಚಾಗಿ ಎಡಕ್ಕಲ್ ಗುಹೆ, ಪೂಕೋಡು ಕೆರೆ, ಬಾಣಾಸುರ ಸಾಗರಕ್ಕೇ ಮುಗಿಯುತ್ತದೆ. ಪುಲ್ಪಳ್ಳಿ ದಾಟಿ ಪೆರಿಕ್ಕಲ್ಲೂರಿನವರೆಗೆ ಹೋಗುವವರು ಕಡಿಮೆ. ಅಲ್ಲಿ ರಸ್ತೆ ಮುಗಿದು ಕಬಿನಿ ಹೊಳೆ ಎದುರಾಗುತ್ತದೆ. ಈ ದಡ ಕೇರಳ, ಆ ದಡ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲೂಕಿನ ಬೈರಕುಪ್ಪೆ. ನಡುವೆ ಸೇತುವೆ ಇಲ್ಲ, ದೋಣಿಯೇ ಗತಿ.

ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವುದು ಮೂರೇ. ಅವುಗಳಲ್ಲಿ ಕಬಿನಿಯೂ ಒಂದು. ಪೆರಿಕ್ಕಲ್ಲೂರು ತಿರುವಿತಾಂಕೂರು ಕಡೆಯಿಂದ ಬಂದ ಕೃಷಿಕರು ಬೆಳೆಸಿದ ಪುಟ್ಟ ಪೇಟೆ. ಸುತ್ತ ಕಾಫಿ, ಕರಿಮೆಣಸಿನ ತೋಟ. ಹೊಳೆಯಾಚೆ ನಾಗರಹೊಳೆಯ ಕಾಡು. ಗದ್ದಲವಿಲ್ಲದ ಜಾಗ ಹುಡುಕುವವರಿಗೆ ಇದಕ್ಕಿಂತ ಇನ್ನೇನು ಬೇಕು? ಈಗ ಮೊಬೈಲಿನಲ್ಲಿ ಚಿತ್ರ ನೋಡಿ ಬರುವವರೂ ಇದ್ದಾರೆ. ಬರಲಿ, ಬೇಡವೆನ್ನುವವರಿಲ್ಲ.

ಆದರೆ ಬಂದವರು ಒಂದು ಮಾತು ತಿಳಿದಿರಬೇಕು. ಅವರಿಗೆ ಮೋಜಾಗಿ ಕಾಣುವ ದೋಣಿ ಊರವರಿಗೆ ರಸ್ತೆ. ಬೈರಕುಪ್ಪೆಯವರಿಗೆ ಪೇಟೆ, ಆಸ್ಪತ್ರೆ ಎಂದರೆ ಹತ್ತಿರದ್ದು ಪುಲ್ಪಳ್ಳಿಯೇ. ಹೊಳೆ ದಾಟಿದರೆ ನಿಮಿಷಗಳ ದಾರಿ, ಇಲ್ಲದಿದ್ದರೆ ಬಾವಲಿ ಮೂಲಕ ಕಾಡು ಸುತ್ತಬೇಕು. ಬಾವಲಿಯಿಂದ ಮೈಸೂರಿಗೆ ಹೋಗುವ ಕಾಡುದಾರಿಯಲ್ಲಿ ರಾತ್ರಿ ಸಂಚಾರಕ್ಕೂ ನಿಷೇಧವಿದೆ. ಈ ದಡದ ಕನ್ನಡ ಮನೆಗಳಿಗೆ ಆ ದಡದಲ್ಲಿ ನೆಂಟರಿದ್ದಾರೆ. 2020ರಲ್ಲಿ ಕೋವಿಡ್ ನೆಪದಲ್ಲಿ ಗಡಿ ಮುಚ್ಚಿದಾಗ ಹೊಳೆಯ ಅಗಲ ಎಷ್ಟೆಂದು ಅಂಥವರಿಗೆ ಗೊತ್ತಾಯಿತು.

ಸೇತುವೆಯ ಮಾತು ದಶಕಗಳಷ್ಟು ಹಳೆಯದು. ಕಾಡಿನ ನಡುವೆ ವಾಹನ ದಟ್ಟಣೆ ಹೆಚ್ಚಿದರೆ ಹುಲಿ, ಆನೆಗಳಿಗೆ ತೊಂದರೆ ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಆ ವಾದ ಇತ್ಯರ್ಥವಾಗುವಾಗ ಆಗಲಿ. ಅಲ್ಲಿಯವರೆಗೆ ದೋಣಿ ಹತ್ತುವ ಮಕ್ಕಳು, ಮುದುಕರು, ಬಸುರಿಯರು ಕಾಯುತ್ತಾ ಕೂರಲಾದೀತೇ?

ಕೇರಳಕ್ಕೆ ದೋಣಿ ದುರಂತ ಹೊಸದಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ, 2023ರ ಮೇ 7ರಂದು ತಾನೂರಿನಲ್ಲಿ 22 ಮಂದಿ ಜಲಸಮಾಧಿಯಾದರು. ಎರಡೂ ಪ್ರವಾಸಿ ದೋಣಿಗಳೇ. ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದರು. ದುರಂತದ ಮರುದಿನ ತನಿಖೆ, ಪರಿಹಾರ, ಪ್ರಕಟಣೆಗಳಿಗೆ ಬರವಿರುವುದಿಲ್ಲ. ಹಿಂದಿನ ದಿನ ಕೇಳುವವರೇ ಇರುವುದಿಲ್ಲ.

ಆದ್ದರಿಂದ ಪೆರಿಕ್ಕಲ್ಲೂರನ್ನು ಪ್ರವಾಸಿ ನಕ್ಷೆಗೆ ಸೇರಿಸುವ ಮೊದಲು ಕಡವಿನ ಕೆಲಸವಾಗಬೇಕು. ಎರಡೂ ದಡಗಳಲ್ಲಿ ಜಾರದ ಮೆಟ್ಟಿಲು, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ದೋಣಿಗೆ ಎಷ್ಟು ಮಂದಿ ಎಂಬ ಫಲಕ, ಮಳೆಗಾಲದಲ್ಲಿ ನೀರು ಎಷ್ಟೇರಿದರೆ ದೋಣಿ ನಿಲ್ಲಿಸಬೇಕೆಂಬ ಗುರುತು ಇರಬೇಕು. ಫಲಕ ಮಲಯಾಳದಲ್ಲಿ ಮಾತ್ರ ಸಾಲದು, ಕನ್ನಡದಲ್ಲೂ ಬೇಕು. ಇವು ಕೋಟಿಗಟ್ಟಲೆ ಹಣದ ಕೆಲಸಗಳಲ್ಲ. ಎರಡು ರಾಜ್ಯಗಳ ಪಂಚಾಯತುಗಳು, ಜಿಲ್ಲಾಡಳಿತಗಳು ಒಂದು ದಿನ ಒಟ್ಟಿಗೆ ಕುಳಿತರೆ ತೀರ್ಮಾನವಾದೀತು. ರಜಾದಿನಗಳಲ್ಲಿ ಪ್ರವಾಸಿಗರ ನೂಕುನುಗ್ಗಲಿದ್ದರೂ ಮೊದಲ ಸರದಿ ಊರವರದ್ದಾಗಿರಬೇಕು.

ಬರುವ ಪ್ರವಾಸಿಗರಿಗೂ ಜವಾಬ್ದಾರಿಯಿದೆ. ದೋಣಿಯಲ್ಲಿ ಎದ್ದುನಿಂತು ಫೋಟೋ ತೆಗೆಯುವುದು, ಹೊಳೆಗೆ ಪ್ಲಾಸ್ಟಿಕ್ ಎಸೆಯುವುದು, ಕಾಡಂಚಿನಲ್ಲಿ ಬೊಬ್ಬೆ ಹಾಕುವುದು ಸಲ್ಲದು. ಮೇಲ್ಭಾಗದ ಕುರುವಾ ದ್ವೀಪದಲ್ಲಿ ಕಾಡಾನೆ ಭೀತಿಯಿಂದ 2024ರಲ್ಲಿ ತಿಂಗಳುಗಟ್ಟಲೆ ಪ್ರವೇಶ ನಿಲ್ಲಿಸಬೇಕಾಗಿ ಬಂದದ್ದು ನೆನಪಿರಲಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಪ್ರವಾಸಿಗೆ ಸರಿಹೋದೀತು. ಬೈರಕುಪ್ಪೆಯವರು ಸಂಜೆ ಅದೇ ದೋಣಿಯಲ್ಲಿ ಮನೆ ಸೇರಬೇಕು. ಅವರಿಗೆ ಸುರಕ್ಷಿತವಾದ ಕಡವು ಪ್ರವಾಸಿಗೂ ಸುರಕ್ಷಿತ. ಸಂಬಂಧಪಟ್ಟವರು ಮುಂದಿನ ಮಳೆಗಾಲಕ್ಕೆ ಮುನ್ನ ಇತ್ತ ಗಮನ ಹರಿಸಲಿ.