ಕಾರ್ಖಾನೆ ಸತ್ತ ನೆಲ, ಗಾಳಿಯ ವಿದ್ಯುತ್ತು



ಅಮೆರಿಕದ ಲ್ಯಾಕವಾನದಲ್ಲಿ ಈರೀ ಸರೋವರದ ದಂಡೆಯ ಬೆತ್ಲೆಹೆಮ್ ಕಾರ್ಖಾನೆ 1983ರಲ್ಲಿ ಉಕ್ಕು ಮಾಡುವುದನ್ನು ನಿಲ್ಲಿಸಿತು. ಸಾವಿರಾರು ಮನೆಗಳ ಒಲೆ ಆರಿತು. ಉಳಿದದ್ದು ಕಿಟ್ಟ ಸುರಿದು ಕೆಟ್ಟ ನೆಲ. ಅದೇ ಕಿಟ್ಟದ ಮೇಲೆ 2007ರಲ್ಲಿ 8 ಗಾಳಿಯಂತ್ರಗಳು ನಿಂತವು. 2012ಕ್ಕೆ 14, ಒಟ್ಟು 35 ಮೆಗಾವಾಟ್.

ಇಂಥಲ್ಲಿ ಕಂಬ ನೆಟ್ಟು ವರ್ಷವಾದರೂ ಗಾಳಿ ಅಳೆಯಬೇಕು. ವೇಗ ಇಮ್ಮಡಿಯಾದರೆ ಗಾಳಿಯ ಶಕ್ತಿ ಎಂಟು ಮಡಿ. ಅಳತೆ ತುಸು ತಪ್ಪಿದರೂ ಲೆಕ್ಕ ಬುಡಮೇಲು. ಬಂಡವಾಳದವರು ಇದನ್ನು ಮರೆಯುವುದಿಲ್ಲ. ಮಣ್ಣಿನ ಪರೀಕ್ಷೆ? ಪಾಯ ತೋಡುವವನು ಕೂಲಿಯವನು; ವಿಷದ ಧೂಳು ಮೊದಲು ಅವನ ಎದೆಗೇ. (ಹೋಟೆಲಿನ ಹೊಗೆ ಕುಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಪರೀಕ್ಷೆಯ ವರದಿ ಮಾಲೀಕನ ಪೆಟ್ಟಿಗೆ ಸೇರಬಾರದು, ಗುದ್ದಲಿ ಎತ್ತುವ ಮುಂಚೆಯೇ ಅವನ ಭಾಷೆಯಲ್ಲಿ ಅವನಿಗೆ ಓದಿ ಹೇಳಬೇಕು.

ಗಾಳಿಯಂತ್ರ ನೋಡಿಕೊಳ್ಳಲು ಕೆಲವೇ ಕೈ ಸಾಕು. ಹೋದ ಸಾವಿರಾರು ಕೆಲಸಗಳಿಗೆ ಅದು ಬದಲಿಯಲ್ಲ ಎಂಬುದನ್ನೂ ಅದೇ ವರದಿಯಲ್ಲಿ ಬರೆಯಲಿ.