ಸದ್ದು ಡಿಸ್ಕಿನದ್ದಲ್ಲ, ಅಟ್ಟದ್ದು

ಮಲೆನಾಡಿನ ಬಾಳೂರು ಸೀಮೆಯ ಮನೆಗಳಲ್ಲಿ ಹಾರ್ಡ್ ಡಿಸ್ಕಿನ ಸದ್ದು ವರ್ಷಕ್ಕೆ ಎಂಟು ತಿಂಗಳ ಸಮಸ್ಯೆ. ಜೂನ್‌ನಲ್ಲಿ ಮಳೆ ಹಿಡಿದು ಹೆಂಚಿನ ಮೇಲೆ ಸುರಿಯತೊಡಗಿದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸದು, ಡಿಸ್ಕಿನ ಗುಂಯ್‌ಗುಟ್ಟುವಿಕೆ ಎಲ್ಲಿ ಕೇಳೀತು? ಮಳೆ ಬಿಟ್ಟು, ಕಾಫಿ ಕೊಯ್ಲು ಶುರುವಾಗಿ, ರಾತ್ರಿಗಳು ತಣ್ಣಗಾದ ಮೇಲೆ ದೂರು ಏಳುತ್ತದೆ: ‘ಆ ಪೆಟ್ಟಿಗೆ ಆಫ್ ಮಾಡೋ ಮಾರಾಯ, ನಿದ್ದೆ ಬರ್ತಿಲ್ಲ.’

ಪೆಟ್ಟಿಗೆ ಎಂದರೆ ಹೋಮ್ ಸರ್ವರ್. ಹಳೆಯ ಸಿನಿಮಾ, ಇಡೀ ರಾತ್ರಿಯ ಯಕ್ಷಗಾನದ ರೆಕಾರ್ಡಿಂಗ್, ಮದುವೆ ವಿಡಿಯೊ, ಮೊಮ್ಮಕ್ಕಳ ಫೋಟೊ ಎಲ್ಲವನ್ನೂ ಒಂದೆರಡು ದೊಡ್ಡ ಡಿಸ್ಕಿಗೆ ತುಂಬಿ, ಜೆಲ್ಲಿಫಿನ್ ಅಥವಾ ಪ್ಲೆಕ್ಸ್‌ನಂಥ ತಂತ್ರಾಂಶದ ಮೂಲಕ ಟಿವಿಯಲ್ಲಿ ನೋಡುವ ವ್ಯವಸ್ಥೆ. ಪಟ್ಟಣದವರಿಗೆ ಇದು ಶೋಕಿ ಎನಿಸಬಹುದು. ಮರ ಬಿದ್ದು ಕೇಬಲ್ ಹರಿದರೆ ಇಂಟರ್ನೆಟ್ ಮತ್ತೆ ಯಾವಾಗ ಬಂದೀತೆಂದು ಹೇಳಲಾಗದ ಊರಿನಲ್ಲಿ ಹಾಗಲ್ಲ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು, ಚಾರ್ಮಾಡಿ ಘಾಟಿ ಮುಚ್ಚಿದ ದಿನಗಳನ್ನು ಕಂಡವರಿಗೆ ಬೇಕಾದ್ದೆಲ್ಲ ಮನೆಯೊಳಗೇ ಇರಬೇಕೆನ್ನಿಸುವುದು ಸಹಜ.

ಸದ್ದು ಸಹಿಸಲಾಗದೆ ಜನ ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ. ಒಂದು, ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕುವುದು. ಇನ್ನೊಂದು, ಡಿಸ್ಕನ್ನೇ ಕಿತ್ತು ಹೊಸದು ತರುವುದು. ಮೊದಲನೆಯದು ತಪ್ಪು, ಎರಡನೆಯದು ಬಹುಪಾಲು ದುಂದು. ತೊಂದರೆ ಇರುವುದು ಡಿಸ್ಕಿನಲ್ಲಿ ಅಲ್ಲ, ಅದು ಕೂತಿರುವ ಜಾಗದಲ್ಲಿ.

ಡಿಸ್ಕ್ ಎರಡು ಬಗೆಯ ಸದ್ದು ಮಾಡುತ್ತದೆ. ಒಳಗಿನ ತಟ್ಟೆ ತಿರುಗುವ ಗುಂಯ್ ಸದ್ದು ಒಂದು. ಮಾಹಿತಿ ಹುಡುಕಿಕೊಂಡು ಹೆಡ್ ಆಚೀಚೆ ಓಡಾಡುವ ಕಟಕಟ ಇನ್ನೊಂದು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 90 ಸುತ್ತು ಹಾಕುತ್ತದೆ, 7200ರದ್ದು 120. ಇಷ್ಟು ತಗ್ಗಿನ ಕಂಪನ ಗಾಳಿಯಲ್ಲಿ ಕಿವಿಗೆ ಹೆಚ್ಚು ಬೀಳುವುದಿಲ್ಲ. ಆದರೆ ಸ್ಕ್ರೂಗಳ ಮೂಲಕ ತಗಡಿಗೆ, ತಗಡಿನಿಂದ ಮೇಜಿಗೆ, ಮೇಜಿನಿಂದ ಮರದ ಅಟ್ಟಕ್ಕೆ ಇಳಿದರೆ ಅಟ್ಟದ ಹಲಗೆ ತಂಬೂರಿಯ ಬುರುಡೆಯಂತೆ ಅದನ್ನು ಹಿಗ್ಗಿಸುತ್ತದೆ. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದರಂತೂ ಎರಡರ ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿ, ಸದ್ದು ಏರುತ್ತಾ ಇಳಿಯುತ್ತಾ ಅಲೆಯಾಗಿ ಬರುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಈ ಏರಿಳಿತಕ್ಕೆ ಒಗ್ಗುವುದಿಲ್ಲ.

ಕಂಪನಿಯ ವಿವರಪತ್ರದಲ್ಲಿ ಇದಾವುದೂ ಕಾಣದು. ಅಲ್ಲಿ ಡಿಸ್ಕನ್ನು ಬಿಡಿಯಾಗಿ, ಸದ್ದಿಲ್ಲದ ಕೋಣೆಯಲ್ಲಿ ಅಳೆದಿರುತ್ತಾರೆ. ಮನೆಬಳಕೆಯ ಡಿಸ್ಕುಗಳ ಅಂಕಿ ಸಾಮಾನ್ಯವಾಗಿ 20ರಿಂದ 30 ಡೆಸಿಬಲ್ ಆಸುಪಾಸಿನಲ್ಲಿರುತ್ತದೆ. ನಮ್ಮ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್‌ವರೆಗೆ ಅವಕಾಶ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಮಲಗುವ ಕೋಣೆಗೆ 30 ಸಾಕು ಎಂದಿತ್ತು. ಬೆಂಗಳೂರಿನ ರಸ್ತೆ ಬದಿಯ ಮನೆಯಲ್ಲಿ ಈ ಲೆಕ್ಕ ಯಾರಿಗೂ ಬೇಡ. ಜನವರಿ ರಾತ್ರಿ, ತೋಟದ ನಡುವಿನ ಒಂಟಿ ಮನೆಯಲ್ಲಿ ಮಾತ್ರ ಐದು ಡೆಸಿಬಲ್ ಕೂಡ ವ್ಯತ್ಯಾಸ ಮಾಡುತ್ತದೆ.

ಕಂಪನ ಡಿಸ್ಕಿನಿಂದ ಹೊರಕ್ಕೆ ಮಾತ್ರ ಹರಿಯುವುದಿಲ್ಲ, ಹೊರಗಿನದು ಒಳಕ್ಕೂ ಹೋಗುತ್ತದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರ ಕೊನೆಯಲ್ಲಿ ಡಿಸ್ಕುಗಳ ಸಾಲಿನ ಮುಂದೆ ನಿಂತು ಗಟ್ಟಿಯಾಗಿ ಕೂಗಿದಾಗ ಅವುಗಳ ಕೆಲಸ ತಡವರಿಸಿದ್ದು ಪರದೆಯ ಮೇಲೆ ಕಂಡಿತ್ತು. 2016ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಬೆಂಕಿ ನಂದಿಸುವ ಅನಿಲದ ಪರೀಕ್ಷೆ ನಡೆದಾಗ, ಅನಿಲ ಚಿಮ್ಮಿದ ಸದ್ದಿಗೇ ಹತ್ತಾರು ಡಿಸ್ಕುಗಳು ಕೆಟ್ಟು, ಬ್ಯಾಂಕಿನ ಸೇವೆ ಗಂಟೆಗಟ್ಟಲೆ ನಿಂತಿತ್ತು. ಡಿಸ್ಕನ್ನು ಅಲುಗದಂತೆ ಕೂರಿಸುವುದು ನಿದ್ದೆಗಷ್ಟೇ ಅಲ್ಲ, ಅದರೊಳಗಿನ ಫೋಟೊಗಳಿಗೂ ಒಳ್ಳೆಯದು.

ಹಾಗಾದರೆ ಮಾಡಬೇಕಾದ್ದೇನು? ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ನೆಲದ ಮಟ್ಟದ ಕಡಪ ಕಲ್ಲಿನ ಮೇಲೋ ದಪ್ಪ ಗೋಡೆಯ ಗೂಡಿನಲ್ಲೋ ಇಡಬೇಕು. ನಾಲ್ಕು ಮೂಲೆಗೆ ಹಳೆಯ ಹವಾಯಿ ಚಪ್ಪಲಿಯ ತುಂಡು ಕೊಡಬೇಕು. ಭಾರಕ್ಕೆ ಚಪ್ಪಟೆಯಾಗಿಬಿಡುವ ಮೆತ್ತನೆ ಸ್ಪಂಜು ಪ್ರಯೋಜನಕ್ಕಿಲ್ಲ. ಒಳಗೆ ಡಿಸ್ಕ್ ಮತ್ತು ತಗಡಿನ ನಡುವೆ ರಬ್ಬರ್ ವಾಷರ್ ಹಾಕಬೇಕು. ಡಿಸ್ಕಿನ ಮೈಮೇಲಿರುವ ಸಣ್ಣ ಗಾಳಿ ತೂತನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಎಷ್ಟೋ ಸಲ ಗದ್ದಲ ಡಿಸ್ಕಿನದ್ದಲ್ಲದೆ ಸಣ್ಣ ಫ್ಯಾನಿನದ್ದಾಗಿರುತ್ತದೆ. ಜೋರಾಗಿ ತಿರುಗುವ ಪುಟ್ಟ ಫ್ಯಾನ್ ತೆಗೆದು 120 ಮಿಲಿಮೀಟರಿನ ದೊಡ್ಡ ಫ್ಯಾನನ್ನು ನಿಧಾನಕ್ಕೆ ಬಿಟ್ಟರೆ ಅಷ್ಟೇ ಗಾಳಿ, ಕಡಿಮೆ ಸದ್ದು. ಮಲೆನಾಡಿನ ತಂಪು ಇಲ್ಲಿ ಮನೆಯವರ ಪರ.

ಇನ್ನು ಕಟಕಟ. ಯಾರೂ ಸಿನಿಮಾ ನೋಡದ ಅಪರಾತ್ರಿಯಲ್ಲಿ ಡಿಸ್ಕ್ ಏಕೆ ಓಡಾಡುತ್ತದೆ? ತಂತ್ರಾಂಶ ಆ ಹೊತ್ತಿಗೆ ಕಡತಗಳನ್ನು ಜಾಲಾಡಿ ಅವುಗಳ ಮುನ್ನೋಟದ ಚಿತ್ರಗಳನ್ನು ತಯಾರಿಸುತ್ತಿರುತ್ತದೆ. ಆ ವೇಳಾಪಟ್ಟಿಯನ್ನು ಮಧ್ಯಾಹ್ನಕ್ಕೆ ಬದಲಿಸಲು ಖರ್ಚಿಲ್ಲ. ಖರ್ಚು ಮಾಡುವುದೇ ಆದರೆ ತಿರುಗುವ ತಟ್ಟೆಯಿಲ್ಲದ ಒಂದು ಚಿಕ್ಕ ಎಸ್‌ಎಸ್‌ಡಿ ತಂದು ತಂತ್ರಾಂಶ ಮತ್ತು ಅದರ ಪಟ್ಟಿಗಳನ್ನು ಅದಕ್ಕೆ ಸಾಗಿಸಿ, ಸಿನಿಮಾಗಳನ್ನು ಹಳೆಯ ಡಿಸ್ಕಿನಲ್ಲೇ ಬಿಡಬಹುದು. ಆಗ ಅರ್ಧ ಗಂಟೆ ಕೆಲಸವಿಲ್ಲದಿದ್ದರೆ ತಿರುಗುವುದನ್ನು ನಿಲ್ಲಿಸುವಂತೆ ಡಿಸ್ಕಿಗೆ ಹೇಳಿಟ್ಟರೆ ಅದು ನಿಜಕ್ಕೂ ನಿಲ್ಲುತ್ತದೆ. ಐದು ನಿಮಿಷಕ್ಕೆ ನಿಲ್ಲಿಸುವುದು ಬೇಡ. ಪದೇ ಪದೇ ನಿಂತು ಹೊರಡುವುದೂ ಸವೆತವೇ.

ಬೀರುವಿನ ಉಪಾಯ ಏಕೆ ತಪ್ಪು ಎಂಬುದಕ್ಕೆ ಉತ್ತರ ಮಳೆಗಾಲದಲ್ಲಿದೆ. ಮುಚ್ಚಿದ ಬೀರುವಿನಲ್ಲಿ ಬೇಸಿಗೆಯಲ್ಲಿ ಬಿಸಿ ಕೂಡುತ್ತದೆ. ಜುಲೈನಲ್ಲಿ ಕ್ಯಾಮೆರಾ ಲೆನ್ಸಿಗೂ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಸುವ ಥಂಡಿ ಅಲ್ಲೇ ಸೇರುತ್ತದೆ. ಡಿಸ್ಕುಗಳು ಸಾಕಷ್ಟು ತೇವ ತಡೆಯುತ್ತವೆ, ಹನಿಗಟ್ಟುವ ತೇವವನ್ನಲ್ಲ. ಚಾಲೂ ಇರುವ ಯಂತ್ರಕ್ಕೆ ಅದರ ಬಿಸಿಯೇ ರಕ್ಷೆ. ವಾರಗಟ್ಟಲೆ ಆಫ್ ಆಗಿ ಹೊರಗೋಡೆಯ ಬೀರುವಿನಲ್ಲಿ ಕೂತದ್ದಕ್ಕೆ ಅದೂ ಇಲ್ಲ. ಮಳೆಗಾಲದಲ್ಲಿ ಸದ್ದಿನ ಕಾಟ ಹೇಗೂ ಇಲ್ಲವಾದ್ದರಿಂದ ಪೆಟ್ಟಿಗೆ ಗಾಳಿಯಾಡುವ ಜಾಗದಲ್ಲಿ, ಯುಪಿಎಸ್ ಜೊತೆ ನಡೆಯುತ್ತಿರಲಿ.

ಹೊಸ ಡಿಸ್ಕ್ ಕೊಳ್ಳುವ ಸಂದರ್ಭ ಒಂದೇ ಇದೆ. ಹಿಂದೆಂದೂ ಇಲ್ಲದ ಟಕ್, ಟಕ್ ಎಂಬ ಬಡಿತ ಶುರುವಾದರೆ ಅದು ತಗ್ಗಿಸುವ ಸದ್ದಲ್ಲ, ಡಿಸ್ಕ್ ಹೋಗುವ ಸೂಚನೆ. ಅಂಥ ದಿನ ಚಪ್ಪಲಿ ತುಂಡು ಹುಡುಕುತ್ತ ಕೂರದೆ, ಮೊದಲು ಫೋಟೊಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ.